‘ಬರ್ಲಾ?’ ಅಂದರೆ ಹೋಗಲಾ ಅಂತ

ನಾನು ವಾಷಿಂಗ್ಟನ್ ನಗರಕ್ಕೆ ವಿದಾಯ ಹೇಳಿ ಬಂದಿದ್ದೇನೆ. ನಗರ ಇನ್ನೂ ಉತ್ತರ ಕೊಟ್ಟಿಲ್ಲ. ದೊಡ್ಡ ಊರು, ಅದಕ್ಕೂ ಕೆಲಸವಿರುತ್ತದೆ, ಪಾಪ. ಚುನಾವಣೆಯಲ್ಲಿ ಸೋತು ಪೆಟ್ಟಿಗೆ ಕಟ್ಟುವವರು, ಅವಧಿ ಮುಗಿದ ರಾಯಭಾರಿಗಳು, ಸರ್ಕಾರದ ಮೇಲೆ ಸಿಟ್ಟು ಮಾಡಿಕೊಂಡು ಪುಸ್ತಕ ಬರೆಯಲು ಹೊರಟವರು, ಹೀಗೆ ಅಲ್ಲಿ ಹೋಗುವವರದೇ ಒಂದು ಉದ್ದನೆಯ ಕ್ಯೂ. ಅದರಲ್ಲಿ ಹೈಸ್ಕೂಲು ಮುಗಿಸಿದ ಹುಡುಗನೊಬ್ಬ ಒಂದು ಬೇಸಿಗೆ ಕೆಲಸ ಮಾಡಿ ಹೊರಟನೆಂದು ಬಾವುಟವನ್ನು ಅರ್ಧಕ್ಕೆ ಇಳಿಸುತ್ತಾರೆ ಎಂದು ನಾನೇನೂ ನಿರೀಕ್ಷಿಸಿರಲಿಲ್ಲ. ಮುಕ್ಕಾಲಿಗೆ ಇಳಿಸಬಹುದಿತ್ತು.

ನಮ್ಮ ಮನೆ ಇರುವುದು ಜಾರ್ಜಿಯಾದ ಕಮ್ಮಿಂಗ್‌ನಲ್ಲಿ. ಹೆಸರೇ ಹೇಳುವಂತೆ ಅದು ಬರುತ್ತಲೇ ಇರುವ ಊರು, ಇನ್ನೂ ಪೂರ್ತಿ ಬಂದಿಲ್ಲ. ಹೊಸ ಮನೆಗಳು, ಒಳ್ಳೆಯ ಸ್ಕೂಲುಗಳು, ಮೂರು ಕಾರು ಹಿಡಿಯುವ ಗ್ಯಾರೇಜುಗಳು ಎಲ್ಲ ಉಂಟು. ಕಾಲಿಗೆ ಮಾತ್ರ ಕೆಲಸವಿಲ್ಲ. ನಮ್ಮಲ್ಲಿ ಕಾಲು ಇರುವುದು ಒಂದು ಆಕ್ಸಿಲರೇಟರಿಗೆ, ಇನ್ನೊಂದು ಸುಮ್ಮನೆ ಜೊತೆಗಿರಲಿ ಎಂದು. ಪಕ್ಕದ ಬೀದಿಯ ಸ್ನೇಹಿತನ ಮನೆಗೆ ನಾನೊಮ್ಮೆ ನಡೆದು ಹೋಗಿದ್ದಕ್ಕೆ ದಾರಿಯಲ್ಲಿ ಒಬ್ಬರು ಆಂಟಿ ಕಾರು ನಿಲ್ಲಿಸಿ, ಮನೆಯಲ್ಲಿ ಜಗಳವಾಯಿತಾ ಎಂದು ಕೇಳಿದ್ದರು.

ಅಂಥವನಿಗೆ ವಾಷಿಂಗ್ಟನ್‌ನಲ್ಲಿ ಸಿಕ್ಕಿದ ಕೆಲಸ ನಡೆಯುವುದು. ಪ್ರವಾಸಿಗರನ್ನು ಸ್ಮಾರಕದಿಂದ ಸ್ಮಾರಕಕ್ಕೆ ನಡೆಸಿಕೊಂಡು ಹೋಗುವ ಒಂದು ಪುಟ್ಟ ಕಂಪನಿ. ಅದರ ಒಡತಿ ಡಾರ್ಲೀನ್ ಎಂಬ ಗಟ್ಟಿ ಗಂಟಲಿನ ಹೆಂಗಸು. ಆಕೆ ಹಳದಿ ಛತ್ರಿ ಹಿಡಿದು ಮುಂದೆ ಮಾತಾಡುತ್ತಾ ಹೋಗುತ್ತಿದ್ದಳು. ನಾನು ಇನ್ನೊಂದು ಹಳದಿ ಛತ್ರಿ ಹಿಡಿದು ಕೊನೆಯಲ್ಲಿ, ಐಸ್‌ಕ್ರೀಮಿನ ಗಾಡಿ ಕಂಡಲ್ಲೆಲ್ಲ ಉದುರಿಹೋಗುವ ಜನರನ್ನು ಹೆಕ್ಕಿಕೊಂಡು ಬರುತ್ತಿದ್ದೆ. ಕಮ್ಮಿಂಗ್‌ನ ಗೆಳೆಯರಿಗೆ ಮಾತ್ರ ನಾನು ‘ವಾಷಿಂಗ್ಟನ್ ಡಿ.ಸಿ.ಯಲ್ಲಿ ಫೀಲ್ಡ್ ಆಪರೇಷನ್ಸ್ ನೋಡಿಕೊಳ್ಳುತ್ತೇನೆ’ ಎಂದು ಹೇಳಿದ್ದೆ. ಅದರಲ್ಲಿ ಸುಳ್ಳೇನಿದೆ? ಫೀಲ್ಡ್ ಇತ್ತು. ಎರಡೂ ಕಡೆ ಹುಲ್ಲೇ ಇತ್ತು.

ಆ ಊರಿನಲ್ಲಿ ಎಲ್ಲರ ಕೊರಳಲ್ಲೂ ಒಂದು ಬ್ಯಾಡ್ಜು ಜೋತಾಡುತ್ತಿರುತ್ತದೆ. ಊಟಕ್ಕೆ ಹೊರಬಂದಾಗಲೂ ತೆಗೆಯುವುದಿಲ್ಲ, ನಮ್ಮಲ್ಲಿ ತಾಳಿ ತೆಗೆಯದ ಹಾಗೆ. ನನಗೂ ಡಾರ್ಲೀನ್ ಒಂದು ಕೊಟ್ಟಿದ್ದಳು. ಅದರ ಮೇಲೆ ನಗುವ ಸ್ನೀಕರ್ ಶೂ ಒಂದರ ಚಿತ್ರವಿತ್ತು. ಎರಡನೆಯ ದಿನವೇ ನಾನು ಅದನ್ನು ತಿರುವಿ ಹಾಕಿಕೊಂಡೆ. ಮೆಟ್ರೋ ರೈಲಿನಲ್ಲಿ ತಿರುಗಿಸಿದ ಬ್ಯಾಡ್ಜು ಹಾಕಿಕೊಂಡು, ಕಿಟಕಿಯ ಆಚೆ ಕತ್ತಲನ್ನೇ ದಿಟ್ಟಿಸುತ್ತಾ ನಿಂತರೆ, ಈತ ಹೇಳಬಾರದಂಥ ಇಲಾಖೆಯವನು ಎಂದು ಜನ ಜಾಗ ಬಿಡುತ್ತಾರೆ. ಹಾಗೆಂದು ನಾನು ನಂಬಿದ್ದೆ. ಜಾಗ ಬಿಡುತ್ತಿದ್ದುದು ಇಡೀ ದಿನ ಬಿಸಿಲಲ್ಲಿ ನಡೆದವನ ಅಂಗಿಯ ವಾಸನೆಗಂತೆ. ಇದು ಅಜ್ಜಿಯ ಸಂಶೋಧನೆ.

ಅಜ್ಜಿ ಎಂದರೆ ಅಪ್ಪನ ಸೋದರತ್ತೆ, ಡಾಕ್ಟರ್ ಸರೋಜಮ್ಮ. ನಾನು ಉಳಿದುಕೊಂಡಿದ್ದು ಅವರ ಅಪಾರ್ಟ್‌ಮೆಂಟಿನಲ್ಲಿ. ಅರವತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಬಂದವರು, ಬಂದಾಗಿನಿಂದ ವಾಷಿಂಗ್ಟನ್‌ನಲ್ಲೇ. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಆಸ್ಪತ್ರೆಯಲ್ಲಿ ಅವರದು ಅರಿವಳಿಕೆ ಕೊಡುವ ಕೆಲಸ, ಅಂದರೆ ಆಪರೇಷನ್ನಿಗೆ ಮುಂಚೆ ಮಂದಿಯನ್ನು ಮಲಗಿಸುವುದು. ನಿವೃತ್ತಿಯಾದ ಮೇಲೂ ಆ ವಿದ್ಯೆ ಕೈಬಿಟ್ಟಿಲ್ಲ. ಕನೆಕ್ಟಿಕಟ್ ಅವೆನ್ಯೂದಲ್ಲಿ ಹಿಂದೆ ಯಾವ ಅಂಗಡಿ ಎಲ್ಲಿತ್ತು ಎಂದು ಅವರು ಹೇಳಲು ಶುರುಮಾಡಿದರೆ ಸೂಜಿಯ ಅಗತ್ಯವೇ ಬೀಳುತ್ತಿರಲಿಲ್ಲ. ಈ ಬೇಸಿಗೆಗೆ ನನ್ನನ್ನು ಕರೆಸಿಕೊಂಡವರೂ ಅವರೇ. ಹುಡುಗನನ್ನು ಕಳಿಸು, ಕೈಕೆಲಸಕ್ಕೆ ಆಗುತ್ತಾನೆ ಎಂದು ಅಪ್ಪನಿಗೆ ಫೋನ್ ಮಾಡಿದ್ದರು. ಇಷ್ಟು ಪ್ರತಿಭಾವಂತನನ್ನು ಕೈಕೆಲಸಕ್ಕೆ ಕರೆದದ್ದು ನನಗೆ ಸ್ವಲ್ಪ ಚುಚ್ಚಿತು. ಆದರೆ ವಾಷಿಂಗ್ಟನ್ ಎಂಬ ಹೆಸರು ಆ ಗಾಯಕ್ಕೆ ಮುಲಾಮು ಹಚ್ಚಿತು.

ಇಲ್ಲಿ ಸ್ವಲ್ಪ ವ್ಯಾಕರಣ ಬರುತ್ತದೆ, ಸಹಿಸಿಕೊಳ್ಳಿ. ನಾನು ಮೈಸೂರಿನಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿ ಇಲ್ಲಿಗೆ ಬಂದವನು. ಆದ್ದರಿಂದ ಕಮ್ಮಿಂಗ್‌ನ ಕನ್ನಡ ಮಕ್ಕಳಲ್ಲಿ ನಾನೇ ಪಂಡಿತ. ಉಳಿದವರು ‘ಅಮ್ಮ, ಐ ವಾಂಟ್ ಊಟ’ ಎನ್ನುವ ಕಾಲದಲ್ಲಿ ನಾನು ಪೂರ್ತಿ ವಾಕ್ಯ ಮಾತಾಡಿ ಚಪ್ಪಾಳೆ ಗಿಟ್ಟಿಸಿದವನು. ಆ ಪಾಂಡಿತ್ಯದ ಬಲದಿಂದ ಹೇಳುತ್ತೇನೆ: ಕನ್ನಡದಲ್ಲಿ ಈವರೆಗೆ ಯಾರೂ ಎಲ್ಲಿಗೂ ಹೋಗಿಲ್ಲ. ಹೋಗುವವನು ‘ಬರ್ತೀನಿ’ ಎನ್ನುತ್ತಾನೆ. ಇನ್ನೂ ವಿನಯವಂತನಾದರೆ ‘ಬರ್ಲಾ?’ ಎಂದು ಅಪ್ಪಣೆ ಕೇಳುತ್ತಾನೆ. ಯೋಚಿಸಿ ನೋಡಿ. ಒಂದು ಕಾಲಿಗೆ ಶೂ ಹಾಕಿಯಾಗಿದೆ, ಇನ್ನೊಂದು ಕಾಲು ಬಾಗಿಲ ಆಚೆ ಇದೆ, ಕೈಯಲ್ಲಿ ಕಾರಿನ ಕೀ ಇದೆ, ಬಾಯಿ ಮಾತ್ರ ‘ನಾನು ಬರಲಾ?’ ಎಂದು ಕೇಳುತ್ತಿದೆ. ‘ಹೋಗ್ತೀನಿ’ ಅಂದುಬಿಟ್ಟರೆ ಅನಾಹುತ. ಒಮ್ಮೆ ಬಾಯಿತಪ್ಪಿ ಅಮ್ಮನಿಗೆ ‘ಹೋಗ್ತೀನಮ್ಮಾ’ ಎಂದಿದ್ದಕ್ಕೆ, ಒಳಗೆ ಕರೆದು ಕೂರಿಸಿ ನೀರು ಕುಡಿಸಿ, ಮತ್ತೆ ಎಬ್ಬಿಸಿ, ಸರಿಯಾಗಿ ಹೇಳಿಸಿ ಕಳಿಸಿದಳು. ನಾನು ಹೊರಟಿದ್ದು ಕಸದ ಡಬ್ಬ ಬೀದಿಗೆ ಇಡಲು.

ಈ ಬರ್ತೀನಿಗೆ ಒಂದು ಜೋಡಿ ಇದೆ. ಹೋಗುವವನು ಬರ್ತೀನಿ ಎಂದರೆ ಉಳಿಯುವವರು ‘ಹೋಗಿ ಬಾ’ ಎನ್ನಬೇಕು. ಬೀಗಕ್ಕೆ ಕೀ ಇದ್ದ ಹಾಗೆ. ಒಂದು ಹೇಳಿ ಇನ್ನೊಂದು ಬರದಿದ್ದರೆ ಮನುಷ್ಯ ಹೋದಹಾಗೂ ಅಲ್ಲ, ಇದ್ದಹಾಗೂ ಅಲ್ಲ. ಅಜ್ಜಿಯ ಮನೆಯಲ್ಲಿ ನನ್ನ ಪಾಡು ಇದೇ ಆಗಿತ್ತು. ಪ್ರತಿದಿನ ಬೆಳಿಗ್ಗೆ ಬ್ಯಾಡ್ಜು ತಿರುವಿ ಹಾಕಿಕೊಂಡು, ಬಾಗಿಲಲ್ಲಿ ನಿಂತು, “ಅಜ್ಜಿ, ಬರ್ತೀನಿ,” ಎನ್ನುತ್ತಿದ್ದೆ. ಒಳಗಿನಿಂದ ಪ್ರತಿದಿನವೂ ಒಂದೇ ಉತ್ತರ.

“ಬಾಗಿಲು ಎಳ್ಕೊಂಡು ಹೋಗೋ, ಎ.ಸಿ. ಎಲ್ಲಾ ಆಚೆ ಹೋಗತ್ತೆ.”

ಮೊದಮೊದಲು ಇದನ್ನು ಹಚ್ಚಿಕೊಳ್ಳಲಿಲ್ಲ. ಕೆಲಸದ ಕಡೆ ನನ್ನ ಬರ್ತೀನಿಗೆ ಬೇರೆ ವೈಭವವೇ ಸಿಕ್ಕಿಬಿಟ್ಟಿತ್ತು. ಮೊದಲ ದಿನ ಕೆಲಸ ಮುಗಿದಾಗ ತಲೆಯಲ್ಲಿ ಕನ್ನಡ ಓಡುತ್ತಿತ್ತೋ ಏನೋ, ಡಾರ್ಲೀನ್‌ಗೆ ಇಂಗ್ಲಿಷಿನಲ್ಲಿ ‘ಸರಿ, ನಾನು ಬರುತ್ತೇನೆ’ ಎಂದುಬಿಟ್ಟೆ. ಎಲ್ಲಿಗೆ ಎಂದು ಆಕೆ ಗಾಬರಿಯಿಂದ ಕೇಳಿದಳು. ತನ್ನ ಮನೆಗೇ ಬರುತ್ತಾನೆ ಎಂದುಕೊಂಡಿರಬೇಕು. ತಪ್ಪನ್ನು ಒಪ್ಪಿಕೊಳ್ಳುವುದು ನಮ್ಮ ವಂಶದಲ್ಲಿ ಇಲ್ಲ. ಹಾಗಾಗಿ ಅಲ್ಲೇ ನಿಂತು ಬರ್ತೀನಿಯ ಮೇಲೊಂದು ಭಾಷಣ ಕೊಟ್ಟೆ. ನಮ್ಮ ಭಾಷೆಯಲ್ಲಿ ಹೋಗುವುದಕ್ಕೆ ಪದವೇ ಇಲ್ಲ, ರಾಜರು ಯುದ್ಧಕ್ಕೆ ಹೊರಡುವಾಗಲೂ ಇದನ್ನೇ ಹೇಳುತ್ತಿದ್ದರು, ಶತ್ರುಗಳು ಇದನ್ನು ಕೇಳಿಯೇ ಓಡಿಹೋಗುತ್ತಿದ್ದರು ಎಂದು ಉಪ್ಪು ಖಾರ ಹಚ್ಚಿ ಹೇಳಿದೆ. ಡಾರ್ಲೀನ್‌ಗೆ ಅದು ಎಷ್ಟು ಹಿಡಿಸಿತೆಂದರೆ, ಮಾರನೆಯ ದಿನದಿಂದ ಪ್ರತಿ ಟೂರಿನ ಕೊನೆಯಲ್ಲಿ ಪ್ರವಾಸಿಗರಿಂದ ಒಕ್ಕೊರಲಿನಲ್ಲಿ ಹೇಳಿಸತೊಡಗಿದಳು.

ಎತ್ತರದ ಕುರ್ಚಿಯಲ್ಲಿ ಕೂತಿರುವ ಆ ಅಮೃತಶಿಲೆಯ ಅಧ್ಯಕ್ಷರ ಸ್ಮಾರಕದ ಮೆಟ್ಟಿಲ ಮೇಲೆ, ನಿಕ್ಕರು ಹಾಕಿದ ಮೂವತ್ತು ಮಂದಿ ಅಮೆರಿಕನ್ನರು ‘ಬಾರ್ಟೀನಿ’ ಎಂದು ಕೂಗುವುದನ್ನು ನೀವು ಕೇಳಬೇಕಿತ್ತು. ಕಲ್ಲಿನ ಮುಖವೂ ಒಮ್ಮೆ ಸಡಿಲವಾದಂತೆ ನನಗೆ ಕಂಡಿದೆ. ಒಹಾಯೋದಿಂದ ಬಂದಿದ್ದ ಒಬ್ಬ ದಪ್ಪ ಮನುಷ್ಯ ನನ್ನನ್ನು ಪಕ್ಕಕ್ಕೆ ಕರೆದು, ಈ ಬಾರ್ಟೀನಿ ಯಾವ ಬಾರಿನಲ್ಲಿ ಚೆನ್ನಾಗಿ ಸಿಗುತ್ತದೆ, ಅದರಲ್ಲಿ ಜಿನ್ ಹಾಕುತ್ತಾರೋ ವೋಡ್ಕಾನೋ ಎಂದು ಕೇಳಿದ. ನನಗೆ ಇನ್ನೂ ಕುಡಿಯುವ ವಯಸ್ಸಾಗಿಲ್ಲ. ಆದರೆ ಜ್ಞಾನ ಹಂಚುವುದಕ್ಕೆ ವಯಸ್ಸಿನ ಮಿತಿ ಇಲ್ಲವಲ್ಲ. ಸ್ವಲ್ಪ ಹುಣಸೆಹಣ್ಣಿನ ರಸ ಹಿಂಡಬೇಕು ಎಂದು ಹೇಳಿ ಕಳಿಸಿದೆ.

ಈ ಎಲ್ಲ ಪ್ರತಾಪದ ಫಲವಾಗಿ ಜುಲೈ ಕೊನೆಯಲ್ಲಿ ಡಾರ್ಲೀನ್ ಒಂದು ಮಾತು ಹೇಳಿದಳು. ಮುಂದಿನ ಬೇಸಿಗೆಗೆ ಬಂದರೆ ಮುಂದಿನ ಛತ್ರಿ ನಿನ್ನದೇ. ಅಂದರೆ ನಾನೇ ಮುಂದೆ ನಿಂತು ಮಾತಾಡುವುದು, ನನ್ನ ಮಾತು ಕೇಳಲು ಜನ ದುಡ್ಡು ಕೊಟ್ಟು ಬರುವುದು! ಹುಟ್ಟಿದಾಗಿನಿಂದ ಪುಕ್ಕಟೆಯಾಗಿ ಮಾತಾಡಿಕೊಂಡು ಬಂದವನಿಗೆ ಇದಕ್ಕಿಂತ ದೊಡ್ಡ ಬಡ್ತಿ ಏನಿದೆ? ಆಕೆಯ ಷರತ್ತು ಒಂದೇ, ಇರುವುದಕ್ಕೆ ಜಾಗ ನಾನೇ ನೋಡಿಕೊಳ್ಳಬೇಕು. ವಾಷಿಂಗ್ಟನ್‌ನಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿಯುವುದಕ್ಕಿಂತ ಸೆನೆಟರ್ ಆಗುವುದು ಸುಲಭ. ಅಂದರೆ ಎಲ್ಲವೂ ಅಜ್ಜಿಯ ಮೇಲೆ ನಿಂತಿತ್ತು.

ಕೂಡಲೇ ಅಪ್ಪನಿಗೆ ಫೋನ್ ಮಾಡಿ, ಅಜ್ಜಿಯನ್ನು ಕೇಳಿಬಿಡುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ.

“ಅವರಾಗೇ ಬಾ ಅಂದ್ರೆ ಹೋಗು. ನೀನಾಗಿ ಕೇಳಬೇಡ. ಕೇಳಿದ್ರೆ ಪಾಪ ಅವರಿಗೆ ಇಲ್ಲ ಅನ್ನೋಕಾಗಲ್ಲ, ಎಂಬತ್ತು ವರ್ಷದವರಿಗೆ ಅದೆಲ್ಲ ಸ್ಟ್ರೆಸ್ಸು.”

“ಅಪ್ಪ, ಜಸ್ಟ್ ಕ್ಯಾಶುವಲ್ ಆಗಿ ಆಸ್ಕ್ ಮಾಡ್ತೀನಿ.”

“ಕ್ಯಾಶುವಲ್ಲೂ ಬೇಡ, ಫಾರ್ಮಲ್ಲೂ ಬೇಡ. ಕರೆಯೋದು ಅವರಿಗೆ ಬಿಟ್ಟಿದ್ದು.”

ಹೀಗೆ ನನ್ನ ಇಡೀ ಭವಿಷ್ಯ ಒಂದು ಅಕ್ಷರದ ಮೇಲೆ ಬಂದು ನಿಂತಿತು. ಬಾ. ಅದನ್ನು ಅಜ್ಜಿಯ ಬಾಯಿಂದ ಹೊರಡಿಸಬೇಕು, ಆದರೆ ಕೇಳಬಾರದು. ನಾನು ಗಾಳ ಹಾಕಲು ಕೂತೆ. ಒಂದು ಸಂಜೆ ಕಿಟಕಿಯ ಪಕ್ಕ ನಿಂತು, ಯಾರಿಗೂ ಹೇಳದವನಂತೆ, ವಸಂತದಲ್ಲಿ ಚೆರ್ರಿ ಹೂ ನೋಡಲು ಎಲ್ಲೆಲ್ಲಿಂದಲೋ ಬರುತ್ತಾರಂತೆ, ನಾನು ನೋಡೇ ಇಲ್ಲ ಎಂದು ನಿಟ್ಟುಸಿರಿಟ್ಟೆ. ನೋಡುವಂಥದ್ದೇನಿಲ್ಲ, ಪಾರ್ಕಿಂಗೇ ಸಿಗಲ್ಲ ಎಂದರು ಅಜ್ಜಿ. ಇನ್ನೊಂದು ದಿನ ತಿಳಿಸಾರನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಕುಡಿದು, ಇಂಥ ಸಾರು ಇನ್ನೆಲ್ಲಿ ಸಿಗಬೇಕು ಎಂದೆ. ಮಾರನೆಯ ದಿನ ಟೇಬಲ್ಲಿನ ಮೇಲೆ ಎರಡು ಡಬ್ಬ ಸಾರಿನ ಪುಡಿ ಕೂತಿತ್ತು, ಮುಚ್ಚಳದ ಮೇಲೆ ನನ್ನ ಹೆಸರು ಅಂಟಿಸಿಕೊಂಡು. ಕೊನೆಗೆ, ಬಿಟ್ಟುಹೋದ ಬಟ್ಟೆಗಾದರೂ ಮತ್ತೆ ಬಾ ಅಂದಾರು ಎಂದು ನನ್ನ ಟೋಪಿಯಿರುವ ಸ್ವೆಟರನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಸಂಜೆ ಬಂದು ನೋಡಿದರೆ ಅದು ಒಗೆದು, ಮಡಿಸಿ, ಸೂಟ್‌ಕೇಸಿನ ತಲೆಯ ಮೇಲೆ ವಿರಾಜಮಾನವಾಗಿತ್ತು. ಎಂಬತ್ತರ ವಯಸ್ಸಿನಲ್ಲಿ ಮಂಚದ ಕೆಳಗೆ ಬಗ್ಗುವ ಹೆಂಗಸಿನ ಜೊತೆ ರಾಜತಂತ್ರ ನಡೆಯುವುದಿಲ್ಲ.

ಈ ನಡುವೆ ಕೈಕೆಲಸವೂ ನಡೆದೇ ಇತ್ತು. ಶನಿವಾರ ಬಂತೆಂದರೆ ನಾನೊಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು, ಹಳೆಯ ಸಾಮಾನು ದಾನಕ್ಕೆ ತೆಗೆದುಕೊಳ್ಳುವ ಅಂಗಡಿಗೆ ಹೋಗಬೇಕು. ಮೊದಲು ಹೋದದ್ದು ಹಳೆಯ ಕುಕ್ಕರು. ಆಮೇಲೆ ಸೋಫಾದ ಪಕ್ಕದ ಎರಡು ದೀಪ, ಆಮೇಲೆ ದಪ್ಪದಪ್ಪ ವೈದ್ಯಕೀಯ ಪುಸ್ತಕ, ಒಂದು ವಾರ ಚಕ್ಕುಲಿ ಒರಳು. ಆ ಅಂಗಡಿಯ ಹುಡುಗಿ ಚಕ್ಕುಲಿ ಒರಳನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಅಂಗದ ಆಪರೇಷನ್ನಿಗೆ ಎಂದು ಕೇಳಿದಳು. ಹೊಟ್ಟೆಯದು ಎಂದೆ. ಅಜ್ಜಿಗೆ ವೈರಾಗ್ಯ ಬಂದಿದೆ, ಈಗ ಎಲ್ಲರಿಗೂ ಮನೆ ಖಾಲಿ ಮಾಡುವ ಹುಚ್ಚಲ್ಲವೇ ಎಂದು ನಾನು ತಿಳಿದಿದ್ದೆ. ಆಗಸ್ಟಿನ ಹೊತ್ತಿಗೆ ನಾವು ಉಣ್ಣಲು ಎರಡೇ ತಟ್ಟೆ ಉಳಿದಿದ್ದವು. ಊರಿನ ಪ್ರತಿ ಕಲ್ಲಿನ ಹಿಂದಿರುವ ಗುಟ್ಟನ್ನು ಪ್ರವಾಸಿಗರಿಗೆ ತೋರಿಸಬಲ್ಲ ನನಗೆ, ಮನೆಯೊಳಗೆ ಗೋಡೆ ಬೋಳಾಗುತ್ತಿರುವುದು ಕಾಣಲಿಲ್ಲ.

ಹೊರಡಲು ಒಂದು ವಾರವಿದ್ದಾಗ ನನ್ನ ತಾಳ್ಮೆ ಕೆಟ್ಟಿತು. ಅಪ್ಪ ಹೇಳಿದ್ದು ಮನೆಗೆ ಬರಲೇ ಎಂದು ಕೇಳಬೇಡ ಅಂತ. ವ್ಯಾಕರಣ ಕೇಳಬೇಡ ಎಂದಿರಲಿಲ್ಲ. ಅಜ್ಜಿ ಹುರಳಿಕಾಯಿ ಸೋಸುತ್ತಿದ್ದರು.

“ಅಜ್ಜಿ, ದಿನಾ ನಾನು ಬರ್ತೀನಿ ಅಂತೀನಿ. ನೀವ್ಯಾಕೆ ಹೋಗಿ ಬಾ ಅನ್ನಲ್ಲ? ರೂಲ್ ಪ್ರಕಾರ ಅನ್ನಬೇಕು.”

ಅಜ್ಜಿ ನಾರು ಕೀಳುವುದನ್ನು ನಿಲ್ಲಿಸಲಿಲ್ಲ. “ಅಭ್ಯಾಸ ಬಿಟ್ಟುಹೋಯ್ತು ಕಣೋ. ಆಪರೇಷನ್ ಥಿಯೇಟರಲ್ಲಿ ಸರ್ಜನ್ನು ಪೇಷಂಟಿಗೆ ಧೈರ್ಯ ಹೇಳೋರು, ಹೀಗೆ ಹೋಗಿ ಹಾಗೆ ಬಂದ್ಬಿಡ್ತೀರಿ ಅಂತ. ಅವರಿಗೇನು, ಹೇಳಿ ಕೈ ತೊಳ್ಕೊಳಕ್ಕೆ ಹೋಗೋರು. ತಲೆ ಹತ್ರ ಕೂತ್ಕೊಂಡು ಕಾಯೋಳು ನಾನು. ಉಸಿರು ಸರಿಯಾಗಿ ಬಂದು, ಕಣ್ಣು ಬಿಟ್ಟು, ನನ್ನನ್ನ ನೋಡೋ ತನಕ ನಾನು ಬಾ ಅಂದೋಳಲ್ಲ. ಬಾ ಅಂದಮೇಲೆ ಕರ್ಕೊಂಡು ಬರೋ ಜವಾಬ್ದಾರಿ ನಂದಾಗತ್ತೆ. ಸುಮ್ಸುಮ್ನೆ ಹೇಳೋ ಮಾತಲ್ಲ ಅದು.”

“ನಾನು ಹೋಗೋದು ಆಪರೇಷನ್ನಿಗಲ್ಲ ಅಜ್ಜಿ, ಟೂರಿಗೆ.”

“ಇಷ್ಟು ಮಾತಾಡ್ತೀಯಲ್ಲ, ನಿನ್ನ ಟೂರಿಗೆ ಬರೋರಿಗೆ ನನ್ನ ಇಂಜೆಕ್ಷನ್ನೇ ಬೇಕಾಗಿಲ್ಲ,” ಎಂದು ಹುರಳಿಕಾಯಿಯ ಬುಟ್ಟಿಯನ್ನು ನನ್ನ ಕಡೆ ತಳ್ಳಿದರು.

ನಗಬೇಕೋ ಬೇಡವೋ ತಿಳಿಯಲಿಲ್ಲ. ಒಂದು ಮಾತ್ರ ತಿಳಿಯಿತು. ನಾನು ಒಂದು ಅಕ್ಷರಕ್ಕೆ ಗಾಳ ಹಾಕುತ್ತಿದ್ದುದು ಅದನ್ನು ಅಷ್ಟು ಸುಲಭಕ್ಕೆ ಖರ್ಚು ಮಾಡದ ಹೆಂಗಸಿನ ಹತ್ತಿರ.

ಕೊನೆಯ ಟೂರು ಮುಗಿದ ಮೇಲೆ ಡಾರ್ಲೀನ್ ನನ್ನ ಬೆನ್ನು ತಟ್ಟಿ, ಮುಂದಿನ ಬೇಸಿಗೆಯ ವಿಷಯ ಏನಾಯಿತು ಎಂದಳು. ನಾನು ಬೇರೇನೂ ತೋಚದೆ ಗತ್ತಿನಿಂದ ‘ಬರ್ತೀನಿ’ ಎಂದೆ. ಬೇಸಿಗೆಯಿಡೀ ನನ್ನ ಶಿಷ್ಯೆಯಾಗಿದ್ದವಳು ಅಷ್ಟಕ್ಕೆ ಬಿಡುತ್ತಾಳೆಯೇ? ಇದು ಬರುವ ಬರ್ತೀನಿಯೋ, ಹೋಗುವ ಬರ್ತೀನಿಯೋ ಎಂದು ಕೇಳಿದಳು. ಪಂಡಿತ ಛತ್ರಿ ಮಡಿಸಿ ಕೊಟ್ಟು ಬಂದ.

ಭಾನುವಾರ ಬೆಳಿಗ್ಗೆ ಅಪ್ಪ ವ್ಯಾನು ತಂದರು. ಹಿಂದಿನ ದಿನವೇ ಹೊರಟು, ಅರ್ಧ ದಾರಿಯಲ್ಲಿ ಸಿಗುವ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಹತ್ತಿರ ಅಜ್ಜಿಯ ಮಗಳು ಮಾಲತ್ತೆಯ ಮನೆಯಲ್ಲಿ ಉಳಿದು, ಅಲ್ಲಿಂದ ನಸುಕಿನಲ್ಲೇ ಹೊರಟಿದ್ದರಂತೆ. ನನ್ನ ಒಂದು ಸೂಟ್‌ಕೇಸಿಗೆ ವ್ಯಾನು ಯಾಕೆ ಎಂದು ಕೇಳುವಷ್ಟರಲ್ಲಿ ಒಳಗಿನ ಕೋಣೆಯಿಂದ ಅಜ್ಜಿ ನಾಲ್ಕು ಸೂಟ್‌ಕೇಸು ಉರುಳಿಸಿಕೊಂಡು ಬಂದರು. ಸೀರೆಯ ಮೇಲೆ ಕೋಟು, ಕಾಲಿಗೆ ವಾಕಿಂಗ್ ಶೂ.

“ಅಜ್ಜಿ, ನೀವೆಲ್ಲಿಗೆ?”

“ಮಾಲಾ ಮನೆಗೆ. ಈ ಮನೆ ಮಾರಿಬಿಟ್ಟೆ. ನಾಳೆ ಕೀ ಕೊಡ್ತಾರೆ ಹೊಸಬರಿಗೆ.”

ಬೆಪ್ಪಾಗಿ ಅಪ್ಪನ ಮುಖ ನೋಡಿದೆ. ಅಪ್ಪನಿಗೂ ಎರಡು ದಿನದ ಹಿಂದಷ್ಟೇ ಗೊತ್ತಾದದ್ದು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದ ದನಿ ಸ್ವಲ್ಪ ಚಿಕ್ಕ ಹುಡುಗನದ್ದಾಗಿತ್ತು.

“ಹೇಳಿದ್ರೆ ನೀನು ದಿನಾ ಮುಖ ಸಣ್ಣ ಮಾಡ್ಕೊಂಡು ಓಡಾಡ್ತಿದ್ದೆ. ನಂಗೆ ಈ ಮನೇಲಿ ಕೊನೇ ಬೇಸಿಗೆ, ನಗ್ತಾ ಕಳೀಬೇಕು ಅಂತಿತ್ತು. ಅದಕ್ಕೇ ನಿನ್ನ ಕರೆಸಿದ್ದು. ಮತ್ತೆ, ಇಲ್ಲದ ಮನೆಗೆ ಬಾ ಅಂತ ಹೆಂಗೋ ಹೇಳಲಿ?”

ಕೈಕೆಲಸಕ್ಕೆ ಎಂದಿದ್ದರು. ಕೈಯಿಂದ ನಾನು ಮಾಡಿದ್ದು ಪೆಟ್ಟಿಗೆ ಹೊತ್ತದ್ದು ಮಾತ್ರ, ಉಳಿದದ್ದೆಲ್ಲ ಬಾಯಿಯ ಕೆಲಸ. ಮುಂದಿನ ಛತ್ರಿ ಹೋಯಿತು ಎಂಬ ದುಃಖ ಬರಬೇಕಾದ ಜಾಗದಲ್ಲಿ ಇನ್ನೇನೋ ಬಂದು ಕೂತಿತು. ಅದನ್ನು ಏನೆನ್ನುತ್ತಾರೋ ಗೊತ್ತಿಲ್ಲದೆ ಸೂಟ್‌ಕೇಸು ಎತ್ತಿಕೊಂಡೆ. ಅಜ್ಜಿ ಮನೆಯಿಂದ ಕೊನೆಯವರಾಗಿ ಹೊರಬಂದು ತಾವೇ ಬಾಗಿಲು ಎಳೆದರು. ಬರ್ತೀನಿ ಎನ್ನಲಿಲ್ಲ, ಹೋಗ್ತೀನಿ ಎನ್ನಲಿಲ್ಲ. ಲಿಫ್ಟ್ ಒತ್ತೋ ಎಂದರು.

ನಗರಕ್ಕೆ ಹೇಳಲೆಂದು ನಾನೊಂದು ವಿದಾಯ ಭಾಷಣವನ್ನು ಸಿದ್ಧಪಡಿಸಿಕೊಂಡಿದ್ದೆ. ಸೇತುವೆ ದಾಟುವಾಗ ಕಿಟಕಿ ಇಳಿಸಿ, ನದಿಯ ಗಾಳಿ ಕೂದಲನ್ನು ಹಾರಿಸುತ್ತಿರುವಾಗ ಹೇಳುವುದೆಂದು ಲೆಕ್ಕ. ಸೇತುವೆಯ ಮೇಲೆ ವಾಹನಗಳು ಕದಲದೆ ನಿಂತಿದ್ದವು. ನನ್ನನ್ನು ಬಿಟ್ಟುಕೊಡಲು ಊರಿಗೆ ಮನಸ್ಸಿಲ್ಲ ಎಂದು ನಾನು ವ್ಯಾಖ್ಯಾನಿಸಿದೆ. ಅಪ್ಪ ಅದನ್ನು ಆಕ್ಸಿಡೆಂಟ್ ಎಂದು ತಪ್ಪು ತಿಳಿದರು. ಗಾಳಿಯ ಬದಲು ಟ್ರಕ್ಕಿನ ಹೊಗೆ ಬಂತು. ಭಾಷಣದ ಮೊದಲ ಸಾಲಿಗೇ ಕೆಮ್ಮು ಬಂದು ಕಿಟಕಿ ಏರಿಸಿದೆ. ಹಿಂದೆ ವಾಷಿಂಗ್ಟನ್ ಸ್ಮಾರಕದ ಆ ಮೊನಚಾದ ಬಿಳಿ ಕಂಬ ಕಾಣುತ್ತಿತ್ತು. ಮುಂದಿನ ಸೀಟಿನಲ್ಲಿ ಅಜ್ಜಿ ನೆಟ್ಟಗೆ ರಸ್ತೆ ನೋಡುತ್ತಾ ಕೂತಿದ್ದರು. ನಾನು ಒಂದು ಬೇಸಿಗೆ ಇದ್ದವನು, ನಾನೇ ಇಷ್ಟು ಸಲ ತಿರುಗಿ ನೋಡಿದ್ದೇನೆ, ಇಡೀ ಆಯುಷ್ಯ ಕಳೆದವರು ಒಮ್ಮೆಯೂ ನೋಡುವುದಿಲ್ಲವೇ?

“ಅಜ್ಜಿ, ಒನ್ಸ್ ಹಿಂದೆ ತಿರುಗಿ ನೋಡಿ.”

“ಕಾಣ್ತಿದೆ, ಸುಮ್ನಿರೋ.”

ಆಗ ಗಮನಿಸಿದೆ. ಬಿಸಿಲಿಗೆಂದು ಇಳಿಸಿದ ಮರೆಯಲ್ಲಿ ಒಂದು ಚಿಕ್ಕ ಕನ್ನಡಿ ಇರುತ್ತದಲ್ಲ, ಅದನ್ನು ಅಜ್ಜಿ ತೆರೆದಿದ್ದರು. ಅದರಲ್ಲಿ ಊರು ಸಣ್ಣದಾಗುವ ತನಕ ನೋಡಿ, ಆಮೇಲೆ ಮುಚ್ಚಿದರು. ಮುಚ್ಚಿದ ಮೇಲೆ, ಅಪ್ಪ ಲೇನು ತಪ್ಪಾಗಿ ಹಿಡಿದಿದ್ದಾರೆ ಎಂದು ಬೈಯಲು ಶುರುಮಾಡಿದರು. ವರ್ಜೀನಿಯಾ ದಾಟುವ ತನಕ ಬೈದರು. ಅಪ್ಪ ಅವರು ಹೇಳಿದ ಲೇನಿಗೆಲ್ಲ ವ್ಯಾನು ತಿರುಗಿಸಿದರು. ಆ ದಿನ ಅಪ್ಪನ ಡ್ರೈವಿಂಗು ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂಬುದನ್ನು ಇತಿಹಾಸದ ದೃಷ್ಟಿಯಿಂದ ಹೇಳಿಡುತ್ತೇನೆ.

ಮಧ್ಯಾಹ್ನ ಮಾಲತ್ತೆಯ ಮನೆಯಲ್ಲಿ ಚಿತ್ರಾನ್ನ, ಮೊಸರನ್ನ. ನಾನೂ ಅಪ್ಪನೂ ಅಲ್ಲಿಂದ ಇಡೀ ಸೌತ್ ಕ್ಯಾರೊಲಿನಾ ದಾಟಿ ಕಮ್ಮಿಂಗ್ ಸೇರಬೇಕು, ಬೇಗ ಹೊರಡಬೇಕು. ಕನ್ನಡದವರ ಮನೆಯಿಂದ ಬೇಗ ಹೊರಡುವುದು ಎಂದರೇನು ಎಂಬುದು ನಿಮಗೆ ಗೊತ್ತು. ಮೊದಲು ಅಪ್ಪ ತೊಡೆ ತಟ್ಟಿ ‘ಸರಿ ಹಾಗಾದ್ರೆ’ ಎಂದರು, ಅದಕ್ಕೆ ಕಾಫಿ ಬಂತು. ಕಾಫಿ ಮುಗಿಸಿ ಎದ್ದರೆ ಡಬ್ಬಗಳಿಗೆ ತಿಂಡಿ ತುಂಬುವ ಕೆಲಸ ಶುರುವಾಯಿತು. ಶೂ ಹಾಕಿಕೊಳ್ಳುವಾಗ ನಾಲ್ಕು ವರ್ಷದ ಸುದ್ದಿ ನೆನಪಾಯಿತು. ಗ್ಯಾರೇಜಿನಲ್ಲಿ ನಿಂತು ಮನೆಯ ಸಾಲದ ಬಡ್ಡಿದರದ ಚರ್ಚೆಯಾಯಿತು. ಅಮೆರಿಕನ್ನರು ಬೈ ಎಂದರೆ ಬೆನ್ನು ಕಾಣುತ್ತದೆ. ನಾವು ಬರ್ತೀವಿ ಅಂದರೆ ಇನ್ನೊಂದು ಊಟದ ಹೊತ್ತಾಗುತ್ತದೆ.

ಅಪ್ಪ, ಮಾಲತ್ತೆ ಬಡ್ಡಿದರದಲ್ಲಿ ಮುಳುಗಿದ್ದಾಗ ಅಜ್ಜಿ ಗ್ಯಾರೇಜಿನ ಬಾಗಿಲಲ್ಲಿ ಒಬ್ಬರೇ ನಿಂತು ಎದುರಿನ ಬೀದಿಯನ್ನು ನೋಡುತ್ತಿದ್ದರು. ಒಂದೇ ಥರದ ಮನೆಗಳು, ಒಂದೇ ಥರದ ಗಿಡಗಳು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ದಿನಾ ಕನೆಕ್ಟಿಕಟ್ ಅವೆನ್ಯೂದಲ್ಲಿ ಎರಡು ಸಲ ನಡೆದು, ದಾರಿಯಲ್ಲಿ ಸಿಕ್ಕ ನಾಯಿಗಳಿಗೆಲ್ಲ ಕನ್ನಡದಲ್ಲಿ ಬುದ್ಧಿ ಹೇಳಿ ಬರುತ್ತಿದ್ದವರು. ಹತ್ತಿರ ಹೋಗಿ ನಿಂತೆ. ಜೋಕು ಮಾಡೋಣವೆಂದರೆ ಒಂದೂ ಹತ್ತಿರ ಸುಳಿಯಲಿಲ್ಲ.

“ಬರ್ಲಾ ಅಜ್ಜಿ?”

ಈ ಸಲ ಬಾ ಎನ್ನುವ ಹಕ್ಕು ಅವರಿಗಿರಲಿಲ್ಲ. ಮನೆ ಮಗಳದ್ದು. ಅವರು ಬೀದಿಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದರು.

“ನಾನೇ ಬರ್ತೀನಿ ಕಣೋ, ನಿಮ್ಮೂರಿಗೆ.”

ಹೋಗುವವನು ನಾನು, ಬರ್ತೀನಿ ಎನ್ನುತ್ತಿರುವವರು ಉಳಿಯುವವರು. ನನ್ನ ವ್ಯಾಕರಣದಲ್ಲಿ ಇದಕ್ಕೆ ಜಾಗವಿರಲಿಲ್ಲ. ಇದು ಬರುವ ಬರ್ತೀನಿಯೋ ಎಂದು ಕೇಳಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿದೆ. ಅವರು ಕಾಯುತ್ತಿದ್ದರು. ಬೇಸಿಗೆಯೆಲ್ಲ ನಾನು ಹೊಂಚು ಹಾಕಿದ್ದ ಅಕ್ಷರವನ್ನು ಈಗ ಅವರು ನನ್ನಿಂದ ಕೇಳಬಯಸುತ್ತಿದ್ದರು. ಬಾಯಿಬಿಟ್ಟು ಕೇಳಲು ಅವರಿಗೂ ಆಗದು, ಅವರೂ ಮರ್ಯಾದಸ್ಥರೇ. ಸಾವಿರಾರು ಪ್ರವಾಸಿಗರ ಮುಂದೆ ನೀರು ಕುಡಿದಂತೆ ಮಾತಾಡಿದವನಿಗೆ ಆ ಒಂದು ಮಾತು ಭಾರವಾಯಿತು. ಹೇಳಿದ ಮೇಲೆ ಕರೆದುಕೊಂಡು ಬರುವ ಜವಾಬ್ದಾರಿ ನನ್ನದಾಗುತ್ತದೆ ಎಂದು ತಿಳಿದಿದ್ದರಿಂದಲೇ ಭಾರವಾಯಿತು.

“ಬನ್ನಿ ಅಜ್ಜಿ,” ಎಂದೆ. “ನಾನೇ ಬಂದು ಕರ್ಕೊಂಡು ಹೋಗ್ತೀನಿ.”

“ನಿಮ್ಮೂರಲ್ಲಿ ಓಡಾಡಕ್ಕೆ ಫುಟ್‌ಪಾತ್ ಇದ್ಯೇನೋ?”

“ಇಲ್ಲ.”

“ಮತ್ತೆ ಏನು ಸುಖಕ್ಕೆ ಕರೀತೀಯೋ,” ಎಂದರು. ಆದರೆ ಬರೋದಿಲ್ಲ ಎನ್ನಲಿಲ್ಲ.

ಈಗ ನನ್ನ ಕಾಲೇಜು ಅಟ್ಲಾಂಟಾದಲ್ಲಿ, ವಾರಾಂತ್ಯಕ್ಕೆ ಮನೆ. ಮುಂದಿನ ಬೇಸಿಗೆ ಏನಾಗುತ್ತದೋ ಗೊತ್ತಿಲ್ಲ. ಅಜ್ಜಿ ಫೋನಿನಲ್ಲಿ ಸಿಗುತ್ತಾರೆ. ಚಳಿ ಕಳೆಯಲಿ ಎನ್ನುತ್ತಾರೆ, ಮಂಡಿ ನೋವು ಎನ್ನುತ್ತಾರೆ. ಬರ್ತೀನಿ ಎಂದವರು ಹಾಯಾಗಿರುತ್ತಾರೆ. ಬನ್ನಿ ಎಂದವನ ಕಥೆಯೇ ಬೇರೆ. ನಾನು ಫೋನ್ ಇಡುತ್ತಿದ್ದಂತೆ ಅಮ್ಮ, “ಯಾವಾಗಂತೆ?” ಎಂದು ಕೇಳುತ್ತಾಳೆ. ಬರ್ತಾರೆ ಎನ್ನುತ್ತೇನೆ. ಅಮ್ಮ ಬೀರುವಿನಿಂದ ಒಗೆದ ಹೊದಿಕೆ, ದಿಂಬಿನ ಚೀಲ ತಂದು ನನ್ನ ಕೈಗೆ ಹಾಕಿ, ಗೆಸ್ಟ್ ರೂಮಿನ ಕಡೆ ಕೈ ತೋರಿಸುತ್ತಾಳೆ. ಕರೆದವನು ನೀನು ತಾನೆ, ಹಾಸು ಹೋಗು ಎನ್ನುತ್ತಾಳೆ. ಪ್ರತಿ ಶನಿವಾರ ಹಾಸುತ್ತೇನೆ.